ಇನ್ನೂರು ವರ್ಷದ ಮನೆ

ಮಗಳ ಒಂದು ಜಡೆ ಹೆಣೆದು ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಬಡಗಿಯ ಫೋನು ಹೊಡೆದುಕೊಂಡಿತು. ನಾಳೆ ಬರಬೇಕಿದ್ದ ಬಾಹ್ಯಾಕಾಶ ಯೋಜನೆಯ ನಿರ್ದೇಶಕಿ ಇವತ್ತೇ ನಾಲ್ಕು ಗಂಟೆಗೆ ಬರುತ್ತಾರಂತೆ. ಹೆಂಡತಿ ಆಗಲೇ ಕೆಲಸಕ್ಕೆ ಹೋಗಿಯಾಗಿತ್ತು, ಶಾಲೆಗೆ ರಜೆ. ಒಂಟಿ ಜಡೆಯ ಮಗಳನ್ನೇ ಕರೆದುಕೊಂಡು ಅವನು ಶೆಡ್ಡಿಗೆ ಓಡಿದ.

ಅಲ್ಲಿ ಅವನು ಕಟ್ಟುತ್ತಿದ್ದುದು ಪ್ಲೈವುಡ್ಡಿನ ಮಾದರಿ ಮನೆ. ಬೇರೊಂದು ನಕ್ಷತ್ರಕ್ಕೆ ಹೊರಡುವ ನೌಕೆಯಲ್ಲಿ ಒಂದು ಸಂಸಾರಕ್ಕೆ ಇಷ್ಟೇ ಜಾಗ. ಪ್ರಯಾಣ ಇನ್ನೂರು ವರ್ಷ. ಇಳಿಯುವುದು ಹತ್ತಿದವರಲ್ಲ, ಅವರ ಮರಿಮಕ್ಕಳ ಮಕ್ಕಳು. ಇವತ್ತು ಸಹಿ ಬಿದ್ದರೆ ಉಳಿದ ಎಪ್ಪತ್ತು ಮನೆಗಳ ಕೆಲಸವೂ ಅವನದೇ. ಇಲ್ಲದಿದ್ದರೆ ಇದನ್ನೇ ಐದನೇ ಸಲ ಬಿಚ್ಚಿ ಕಟ್ಟಬೇಕು.

ಡಾಕ್ಟರು ಬಂದು, ಮೈ ಆಡಿಸದಿದ್ದರೆ ಮೂಳೆ ಸವೆಯುತ್ತದೆ, ವ್ಯಾಯಾಮಕ್ಕೆ ಗೋಡೆ ಒಂದು ಗೇಣು ಆಚೆ ಹೋಗಲಿ ಎಂದರು. ಹೋಯಿತು. ನೌಕೆಯಲ್ಲಿ ಗಿಡ ಬೆಳೆಸುವ ವಿಜ್ಞಾನಿ, ಅಂದರೆ ಶೆಡ್ಡಿನವರ ಬಾಯಲ್ಲಿ ಸೊಪ್ಪಿನ ಮೇಡಂ, ಆ ಗೇಣು ತಾವು ಸೊಪ್ಪು ಬೆಳೆಸುವ ತಟ್ಟೆಗಳದ್ದು ಎಂದರು. ಗೋಡೆ ವಾಪಸು ಬಂತು. ಮನಶ್ಶಾಸ್ತ್ರದವರು, ಮುನಿಸಿಕೊಂಡು ಕೂರಲು ಒಂದು ಮೂಲೆಯಾದರೂ ಬೇಡವೇ ಎಂದರು. ಗೋಡೆ ಚದುರಂಗದ ಕಾಯಿಯಂತೆ ಮತ್ತೆ ನಡೆಯಿತು. ಬಡಗಿ ಮಾತ್ರ ಪ್ರತಿಯೊಬ್ಬರಿಗೂ, ನೀವು ಹೇಳಿದ್ದು ಒಳ್ಳೆಯದಾಯಿತು ಎನ್ನುತ್ತಿದ್ದ. ಇಷ್ಟು ಓದಿದವರು ತನ್ನ ಪಕ್ಕ ನೆಲದ ಮೇಲೆ ಕೂತು, ಇದು ಆಗುತ್ತದೆಯೇ ಎಂದು ತನ್ನನ್ನು ಕೇಳುತ್ತಾರಲ್ಲ, ಅದೇ ಅವನಿಗೆ ದೊಡ್ಡದು.

ಮಗಳು ಅಂಗಿ ಜಗ್ಗುತ್ತಲೇ ಇದ್ದಳು. "ಅಪ್ಪಾ, ಒಂದು ಕೇಳ್ಲಾ?"

"ಆಮೇಲೆ ಪುಟ್ಟಿ."

ಕೊನೆಯ ಮೊಳೆ ಹೊಡೆದು ಬೆವರೊರೆಸಿಕೊಂಡಾಗ ಅವನಿಗೆ ಹೊಳೆಯಿತು: ಬಾಗಿಲಿನ ಜಾಗವೇ ಮುಚ್ಚಿಹೋಗಿದೆ, ತಾನು ಒಳಗಿದ್ದಾನೆ.

"ಬಾಗಿಲು ನಿಮ್ಮ ನಕ್ಷೇಲಿತ್ತು ಅಲ್ವಾ?" ಹೊರಗೆ ಡಾಕ್ಟರು ಕೇಳಿದರು.

"ನಿಮ್ಮದ್ರಲ್ಲಿದೆ ಅಂದ್ಕೊಂಡಿದ್ದೆ," ಎಂದರು ಸೊಪ್ಪಿನ ಮೇಡಂ.

ಮಗಳು ಗಾಳಿಕಿಂಡಿಯಿಂದ ನೀರಿನ ಬಾಟಲಿ ತೂರಿಸಿದಳು. ಡಾಕ್ಟರು, ಸೊಪ್ಪಿನ ಮೇಡಂ, ಮನಶ್ಶಾಸ್ತ್ರದವರು ಮೂವರೂ ಮೊದಲ ಬಾರಿಗೆ ಒಂದೇ ಹಲಗೆಗೆ ಕೈ ಹಾಕಿ ಎಳೆದರು. ಅವನು ಹೊರಬಂದು ಮೂವರಿಗೂ ಕೈ ಮುಗಿದ. "ನೀವಿಲ್ಲದಿದ್ರೆ ಇನ್ನೂರು ವರ್ಷ ಒಳಗೇ ಇರ್ತಿದ್ದೆ," ಎಂದ.

ಬಾಗಿಲು ಕೂರಿಸುವುದಕ್ಕೂ ನಿರ್ದೇಶಕಿ ಬರುವುದಕ್ಕೂ ಸರಿಹೋಯಿತು. ಅವರು ವ್ಯಾಯಾಮದ ಜಾಗದಲ್ಲಿ ಎರಡು ಸಲ ಜಿಗಿದರು, ಸೊಪ್ಪಿನ ತಟ್ಟೆಗಳನ್ನು ಎಣಿಸಿದರು, ಮುನಿಸಿನ ಮೂಲೆಯಲ್ಲಿ ಕೂತು ನಕ್ಕರು, ಗಂಡ ಹೆಂಡತಿಯ ಎರಡೂ ಮಂಚಗಳ ಮೇಲೆ ಮಲಗಿ ಎದ್ದರು. ಇದಕ್ಕಿಂತ ಚೆನ್ನಾಗಿ ಆಗದು ಎಂದು ಪೆನ್ನು ತೆಗೆದರು.

ಬಡಗಿಗೆ ಲೋಕದವರೆಲ್ಲ ಬೇಕಾದವರಾಗಿ ಕಂಡರು. "ಪುಟ್ಟಿ, ಬೆಳಗ್ಗೆಯಿಂದ ಕಾದಿದೀಯ. ಈಗ ಕೇಳಮ್ಮ," ಎಂದುಬಿಟ್ಟ.

ಅವಳು ಕೇಳಿದಳು. ಪೆನ್ನಿಗೆ ಮತ್ತೆ ಮುಚ್ಚಳ ಬಿತ್ತು. ಮೂವರು ಪಂಡಿತರೂ ತಂತಮ್ಮ ನಕ್ಷೆಗಳನ್ನು ಮತ್ತೆ ಬಿಚ್ಚಿದರು. ನೌಕೆ ಇನ್ನೂ ನೆಲದ ಮೇಲಿರುವಾಗಲೇ ಕೇಳಿದಳಲ್ಲ, ಪುಣ್ಯ ಎಂದುಕೊಂಡು ಬಡಗಿ ಐದನೇ ಸಲಕ್ಕೆ ಸುತ್ತಿಗೆ ಎತ್ತಿಕೊಂಡ. ಅವಳು ಕೇಳಿದ್ದು ಇಷ್ಟೇ:

"ಅಪ್ಪಾ, ಇಲ್ಲಿ ಹುಟ್ಟೋ ಪಾಪು ಎಲ್ಲಿ ಮಲಗುತ್ತೆ?"