ಅಪ್ಪನ ಸೊಂಟಕ್ಕೆ ನನ್ನ ಬಲಗಾಲು

ಸೊಂಟ ಬಹಳ ಸಂಭಾವಿತ ಅಂಗ. ತಲೆಯಂತೆ ಆಗಾಗ ನೋಯುವುದಿಲ್ಲ, ಹೊಟ್ಟೆಯಂತೆ ಹೊತ್ತುಹೊತ್ತಿಗೆ ಪೀಡಿಸುವುದಿಲ್ಲ, ಹಲ್ಲಿನಂತೆ ಹಬ್ಬದ ದಿನವೇ ನೋಡಿ ಕೈಕೊಡುವುದಿಲ್ಲ. ತನ್ನ ಪಾಡಿಗೆ ತಾನು ಪಂಚೆ ಹಿಡಿದುಕೊಂಡು ಇರುತ್ತದೆ. ಆದರೆ ಒಂದು ದಿನ ಅದೇ ಹಿಡಿದುಕೊಂಡಿತೆಂದರೆ ಆಮೇಲೆ ಆ ಮನೆಯಲ್ಲಿ ಅದರ ಮಾತೇ ಮಾತು. ಇನ್ನೊಂದು ವಿಶೇಷವೆಂದರೆ, ಸೊಂಟನೋವಿಗೆ ಮದ್ದು ಗೊತ್ತಿಲ್ಲದ ಮನುಷ್ಯ ನಮ್ಮ ಕಡೂರು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಜ್ವರ ಅಂದರೆ ‘ಡಾಕ್ಟ್ರಿಗೆ ತೋರ್ಸಿ’ ಎಂದು ಬೀದಿಯಿಂದಲೇ ಹೇಳಿ ಹೋಗುವವರು ಸೊಂಟ ಅಂದ ತಕ್ಷಣ ಚಪ್ಪಲಿ ಬಿಟ್ಟು ಒಳಗೇ ಬಂದುಬಿಡುತ್ತಾರೆ. ಒಬ್ಬರು ಹರಳೆಣ್ಣೆ ಅನ್ನುತ್ತಾರೆ, ಇನ್ನೊಬ್ಬರು ಬಿಸಿ ಮರಳು ಅನ್ನುತ್ತಾರೆ, ಮೂರನೆಯವರು ಇಬ್ಬರನ್ನೂ ಬೈದು ಲಕ್ಕಿಸೊಪ್ಪು ತರಲು ಹೋಗುತ್ತಾರೆ. ರೋಗಿಯನ್ನು ಯಾರೂ ಏನೂ ಕೇಳುವುದಿಲ್ಲ. ಅವನು ಹೇಗಿದ್ದರೂ ಬೋರಲು ಮಲಗಿರುತ್ತಾನೆ.

ಏಳೆಂಟು ವರ್ಷಗಳ ಹಿಂದೆ ಹೀಗೆ ಬೋರಲು ಮಲಗಿದವರು ನಮ್ಮಪ್ಪ. ಕಡೂರಿನಲ್ಲಿ ಅವರದೊಂದು ಕೊಬ್ಬರಿ ಮಂಡಿ. ಮೂವತ್ತು ವರ್ಷ ಕೊಬ್ಬರಿ ಚೀಲ ಎತ್ತಿ ಇಳಿಸಿದ ಸೊಂಟ ಅದು. ಒಂದು ಮಂಗಳವಾರ ನೆಲದ ಮೇಲೆ ಬಿದ್ದಿದ್ದ ಒಂದೇ ಒಂದು ಕೊಬ್ಬರಿ ಗಿಟುಕು ಎತ್ತಿಕೊಳ್ಳಲು ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಹಮಾಲರು ಅವರನ್ನು ಅದೇ ಭಂಗಿಯಲ್ಲಿ ಎತ್ತಿಕೊಂಡು ಬಂದು ನಡುಮನೆಯಲ್ಲಿ ಇಳಿಸಿದಾಗ ಗಿಟುಕು ಇನ್ನೂ ಕೈಯಲ್ಲೇ ಇತ್ತು.

ಬೇರೆ ವಾರವಾಗಿದ್ದರೆ ಇದು ಅಂಥ ಸುದ್ದಿಯಲ್ಲ. ಆದರೆ ಆ ಭಾನುವಾರ ಅಜ್ಜಂಪುರದಲ್ಲಿ ನಮ್ಮಕ್ಕ ಗಿರಿಜಳ ನಿಶ್ಚಿತಾರ್ಥ. ಹುಡುಗನ ಅಜ್ಜಿಗೆ ಪ್ರಯಾಣ ಆಗದೆಂದು ಅವರ ಮನೆಯಲ್ಲೇ ಇಟ್ಟುಕೊಂಡಿದ್ದರು. ಆ ಮನೆಯಲ್ಲಿ ಅಜ್ಜಿಯ ಮಾತಿಗೆ ಎದುರಿಲ್ಲ. ಸುದ್ದಿ ಮುಟ್ಟಿದ ತಕ್ಷಣ ಅಜ್ಜಿಯ ಕಡೆಯಿಂದ, ಸಂಬಂಧ ತಂದಿದ್ದ ಹಾಲಪ್ಪನವರ ಮೂಲಕ, ಹೇಳಿಕೆ ಬಂತು: “ಹೆಣ್ಣಿನ ತಂದೆ ನೆಟ್ಟಗೆ ನಿಂತು ತಾಂಬೂಲ ಕೊಡ್ದೆ ಮಾತು ಆಗಲ್ಲ. ಆಷಾಢ ಕಳೀಲಿ, ನೋಡಾಣ.” ಈ ‘ನೋಡಾಣ’ದ ಅರ್ಥ ಎಲ್ಲರಿಗೂ ಗೊತ್ತಿತ್ತು. ಶಿವಮೊಗ್ಗದಿಂದ ಇನ್ನೊಂದು ಹೆಣ್ಣಿನ ಜಾತಕ ಆಗಲೇ ಅವರ ಮನೆಯ ಗೂಡಿನಲ್ಲಿ ಕೂತಿತ್ತು. ಅಕ್ಕನಿಗೋ ಆ ಮೇಷ್ಟ್ರು ಹುಡುಗನ ಮೇಲೆ ಮನಸ್ಸು ನೆಟ್ಟಿತ್ತು. ಅವನು ಅಪ್ಪನಿಗೆ ಬರೆದಿದ್ದ ಮೂರು ಸಾಲಿನ ಕಾಗದವನ್ನು, ‘ಅಕ್ಷರ ಚೆನ್ನಾಗಿದೆ’ ಎಂಬ ನೆವದಲ್ಲಿ, ಆಕೆ ಎಷ್ಟು ಸಲ ಓದಿದ್ದಳೋ ಲೆಕ್ಕವಿಲ್ಲ.

ಈಗ ನನ್ನ ವಿಷಯ. ನಾನಾಗ ಬಿ.ಎ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆ ಬಿಟ್ಟರೆ ಬೇರೇನನ್ನೂ ಮನಸ್ಸಿಟ್ಟು ಮಾಡಿರಲಿಲ್ಲ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಏನೂ ಕೊಡದಿದ್ದರೆ ಎದುರಿಗಿದ್ದವರು ಹೇಳಿದ್ದಕ್ಕೆ ವಿರೋಧ. ನಮ್ಮವ್ವ ಬಂದವರಿಗೆಲ್ಲ ಹೇಳುತ್ತಿದ್ದಳು: “ಸಾರಿಗೆ ಉಪ್ಪು ಸಾಕಾ ಅಂತ ಕೇಳಿದ್ರೆ, ಮೊದಲನೇದಾಗಿ ಅಂತ ಶುರು ಮಾಡ್ತಾನೆ ಕಣ್ರೀ. ಸಾರು ಆರೋಗ್ತದೆ.” ಮೂಢನಂಬಿಕೆ ನನ್ನ ಮೆಚ್ಚಿನ ಬೇಟೆ. ಹಲ್ಲಿ ಲೊಚಗುಟ್ಟಿದರೂ ನಾನು ಖಂಡಿಸುತ್ತಿದ್ದೆ, ಹಲ್ಲಿಯನ್ನೇ ಉದ್ದೇಶಿಸಿ.

ಡಾಕ್ಟರು ಬಂದರು, ಸೂಜಿ ಚುಚ್ಚಿದರು, “ಎರಡು ವಾರ ಹಲಗೆ ಮೇಲೆ ಮಲಗ್ಲಿ” ಅಂದರು. ಭಾನುವಾರಕ್ಕೆ ಇದ್ದದ್ದು ನಾಲ್ಕೇ ದಿನ. ಹಾಗಾಗಿ ಬುಧವಾರ ಬೆಳಿಗ್ಗೆ ಸಿಂಗಟಗೆರೆಯಿಂದ ಬಸಣ್ಣಜ್ಜನನ್ನು ಕರೆಸಿದರು. ಅಜ್ಜನ ಮುಖ್ಯ ಕಸುಬು ಎತ್ತುಗಳ ಉಳುಕು ತೆಗೆಯುವುದು. ಬಿಡುವಿದ್ದಾಗ ಮನುಷ್ಯರು. ನಾನು ಬಾಗಿಲಲ್ಲೇ ತಡೆದು, ಪ್ರಾಣಿಗೂ ಮನುಷ್ಯನಿಗೂ ಇರುವ ವ್ಯತ್ಯಾಸದ ಬಗ್ಗೆ ಎರಡು ಮಾತು ಕೇಳಿದೆ. ಅಜ್ಜ ಶಾಂತವಾಗಿ ಅಂದ: “ವ್ಯತ್ಯಾಸ ಅದೆ ಕಣಪ್ಪಾ. ಎತ್ತು ಮಾತಾಡಲ್ಲ. ಅದಕ್ಕೇ ಬ್ಯಾಗ ವಾಸಿ ಆಗ್ತದೆ.”

ಆದರೆ ಅವನ ಕೈ ನೋಡುತ್ತಾ ನಾನೂ ಎತ್ತಿನಂತೆ ಸುಮ್ಮನಾದೆನೆಂದು ಒಪ್ಪಿಕೊಳ್ಳಬೇಕು. ಹರಳೆಣ್ಣೆಯನ್ನು ಕೈ ತಡೆಯುವಷ್ಟು ಬಿಸಿ ಮಾಡಿ, ನೋವಿರುವ ಜಾಗವನ್ನು ಮೊದಲು ಮುಟ್ಟಲೇ ಇಲ್ಲ. ಹಿಮ್ಮಡಿಯಿಂದ, ಮೀನಖಂಡದಿಂದ, ತೊಡೆಯಿಂದ ನೀವುತ್ತ ಬಂದ, ಕಳ್ಳನನ್ನು ದೂರದಿಂದ ಸುತ್ತುವರಿದು ಹಿಡಿಯುವವರ ಹಾಗೆ. ಆಮೇಲೆ ಅಂಗೈಯ ಬುಡವನ್ನು ಬೆನ್ನುಮೂಳೆಯ ಎರಡೂ ಪಕ್ಕ ಇಟ್ಟು ಕೆಳಗಿನಿಂದ ಮೇಲಕ್ಕೆ ಉದ್ದಕ್ಕೆ ಎಳೆದ. “ಮೂಳೆ ಮ್ಯಾಲೆ ಒತ್ತಬಾರ್ದು. ಮೂಳೆ ಪಕ್ಕದ ಮಾಂಸ ಮುನಿಸ್ಕಂಡಿರೋದು. ಅದನ್ನ ರಮಿಸ್ಬೇಕು.” ಅಪ್ಪ ಉಸಿರು ಬಿಟ್ಟಾಗ ಒತ್ತುವುದು, ಎಳೆದುಕೊಂಡಾಗ ಸಡಿಲಿಸುವುದು. ಕೊನೆಗೆ ಕುಂಡಿಯ ಮೇಲ್ಭಾಗದಲ್ಲಿ, ಅಡಿಕೆಯಷ್ಟು ದಪ್ಪ ಗಂಟು ಕಟ್ಟಿದ್ದ ಕಡೆ ಹೆಬ್ಬೆರಳಿಟ್ಟು ಇಪ್ಪತ್ತು ಎಣಿಸುವವರೆಗೆ ಅಲ್ಲಾಡದೆ ಹಿಡಿದ. ಅಪ್ಪ ಮೊದಲು ಅಜ್ಜನ ವಂಶವನ್ನು ಬೈದರು, ಹತ್ತಕ್ಕೆ ಬರುವಷ್ಟರಲ್ಲಿ ನರಳಿದರು, ಇಪ್ಪತ್ತಕ್ಕೆ “ಹಾ…” ಅಂದರು. ಆ ‘ಹಾ’ದಲ್ಲಿ ಹಿಂದಿನ ದಿನ ಬಗ್ಗಿದಾಗಿನಿಂದ ಮೊದಲ ಸಲ ಸುಖವಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಅಜ್ಜನಿಗೆ ಶರಣೆಂದು ಬರೆದುಕೊಟ್ಟುಬಿಡುತ್ತಿದ್ದೆ. ಕೈ ಒರೆಸಿಕೊಳ್ಳುತ್ತಾ ಅವನೆಂದ: “ಕೈ ಕೆಲ್ಸ ಇನ್ನು ಮೂರು ದಿನ. ಆಮೇಲೆ ಕಾಲು ಮುಂದಾಗಿ ಹುಟ್ಟಿದೋರ ಬಲಗಾಲು ಮೂರು ಸಲ ತಾಗ್ಬೇಕು. ಅಲ್ಲಿಗಂಟ ಪೂರಾ ಬಿಡಲ್ಲ.”

ತಾಯಿಯ ಹೊಟ್ಟೆಯಿಂದ ತಲೆಯ ಬದಲು ಕಾಲು ಮೊದಲು ಬಂದವರು ಒದ್ದರೆ ಉಳುಕು ಓಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನಾನು ಎದ್ದು ನಿಂತೆ. ಹುಟ್ಟುವ ಭಂಗಿಗೂ ಪಾದದ ಗುಣಕ್ಕೂ ಏನು ಸಂಬಂಧ, ಹಾಗಾದರೆ ತಲೆ ಮುಂದಾಗಿ ಹುಟ್ಟಿದವರು ಡಿಕ್ಕಿ ಹೊಡೆದರೆ ಏನು ವಾಸಿಯಾಗುತ್ತದೆ ಎಂದೆಲ್ಲ ಕೇಳಿದೆ. ಹಾಲಪ್ಪನವರು ಕಾಫಿ ಕುಡಿಯುತ್ತಾ ಅಲ್ಲೇ ಕೂತಿದ್ದರು. ಅವರೆದುರು ಮನೆತನದ ವಿಚಾರವಂತಿಕೆ ತೋರಿಸುವುದು ನನ್ನ ಕರ್ತವ್ಯವೆನಿಸಿತ್ತು. ಅಜ್ಜ ನನಗೆ ಉತ್ತರ ಕೊಡದೆ ಅವ್ವನ ಕಡೆ ತಿರುಗಿದ. “ಅಲ್ಲವ್ವಾ, ನಿನ್ನ ಮಕ್ಕಳಲ್ಲೇ ಒಂದು ಹಂಗೆ ಹುಟ್ಟಿತ್ತಲ್ವಾ? ತರೀಕೆರೆ ತವರಲ್ಲಿ ನಿನಗೆ ಹೆರಿಗೆ ಮಾಡ್ಸಿದ್ದು ನಮ್ಮ ನಾದಿನಿ. ಅವಳು ಹೇಳಿದ್ ನೆನಪು.”

ಅವ್ವ ಒಂದು ಗಳಿಗೆ ಹಾಲಪ್ಪನವರನ್ನು ನೋಡಿದಳು. ಆಮೇಲೆ ನನ್ನ ಕಡೆ ಬೆರಳು ತೋರಿಸಿದಳು. “ಹ್ಞೂಂ. ಇವನೇ.”

ನಾನು ಬಲಗಾಲನ್ನು ಎಡಗಾಲಿನ ಹಿಂದಕ್ಕೆ ಸರಿಸಿಕೊಂಡೆ.

ಅಪ್ಪ ಬೋರಲು ಮಲಗಿದ್ದಲ್ಲಿಂದಲೇ ಗುಡುಗಿದರು. “ಮಗನ ಕೈಲಿ ಒದೆಸ್ಕೊಳ್ಳೋದಾ? ಲಿಂಗ ಕಟ್ಟಿದ ಮೈಗೆ ಕಾಲಾ?” ಅಜ್ಜ ಎಣ್ಣೆ ಗಿಂಡಿ ಮುಚ್ಚುತ್ತಾ, “ಲಿಂಗ ಇರೋದು ಎದೆ ಮ್ಯಾಲೆ ಸ್ವಾಮಿ, ಕಾಲು ತಾಗೋದು ಸೊಂಟಕ್ಕೆ. ಮಧ್ಯೆ ಬೇಕಾದಷ್ಟು ಜಾಗ ಅದೆ” ಅಂದ.

ನಾನು ರಾಜಿಗೆ ಬಂದೆ. ಮೂರು ದಿನ ಅಜ್ಜ ತೋರಿಸಿದಂತೆ ನಾನೇ ನೀವುತ್ತೇನೆ. ಅಪ್ಪ ಅಷ್ಟಕ್ಕೇ ಎದ್ದರೆ ಕಾಲಿನ ಮಾತು ಯಾರೂ ಎತ್ತಬಾರದು. ಏಳದಿದ್ದರೆ ಭಾನುವಾರ ಬೆಳಿಗ್ಗೆ ಒದೆಯುತ್ತೇನೆ. ಅಕ್ಕ ಕಣ್ಣು ಕಿರಿದು ಮಾಡಿ ಕೇಳಿದಳು: “ನಿನ್ನ ಪ್ರಯೋಗಕ್ಕೆ ನನ್ನ ಮದುವೇನೇ ಬೇಕಾಯ್ತೇನೋ?”

ಮೂರು ದಿನ ನಾನು ಮಾಡಿದ ಸೇವೆಯನ್ನು ಯಾವ ಮಗನೂ ಮಾಡಿರಲಾರ. ದಿನಕ್ಕೆ ಮೂರು ಸಲ ಲಕ್ಕಿಸೊಪ್ಪಿನ ಶಾಖ, ಎರಡು ಸಲ ನೀವುವುದು. ನೀವುವಾಗ ಮಾತಾಡಬಾರದೆಂದು ಅಜ್ಜ ಹೇಳಿ ಹೋಗಿದ್ದ. ಆದರೆ ನಾನು ಪ್ರತಿ ಒತ್ತಿಗೂ ಕಾರಣ ವಿವರಿಸುತ್ತಿದ್ದೆ. ಅಪ್ಪ ಒಂದು ಸಲ, “ಲೇ, ಆ ಸೊಂಟನೋವೇ ವಾಸಿ ಕಣೋ, ಬಾಯಿ ಮುಚ್ಚು” ಅಂದರು. ಆದರೂ ಗುಣ ಕಾಣುತ್ತಿತ್ತು. ಗುರುವಾರ ಎದ್ದು ಕೂತರು, ಶುಕ್ರವಾರ ಗೋಡೆ ಹಿಡಿದು ಬಚ್ಚಲಿಗೆ ಹೋದರು, ಶನಿವಾರ ಏನೂ ಹಿಡಿಯದೆ ನಿಂತರು. ನಿಂತರು, ಆದರೆ ನೆಟ್ಟಗಲ್ಲ. ಇನ್ನೊಂದು ಗಿಟುಕನ್ನು ಹುಡುಕುತ್ತಿರುವವರ ಹಾಗೆ ನೆಲ ನೋಡುತ್ತಾ ನಿಂತರು. “ಭಯ ಆಗ್ತದೆ ಕಣೋ. ನೆಟ್ಟಗಾದ್ರೆ ಮತ್ತೆ ಹಿಡ್ಕಂಡ್ಬಿಡುತ್ತೆ ಅನ್ಸುತ್ತೆ” ಅಂದರು.

ಭಾನುವಾರ ಬೆಳಗಾಯಿತು. ಅಜ್ಜಂಪುರದ ಪ್ಯಾಸೆಂಜರ್ ರೈಲಿಗೆ ಒಂದು ಗಂಟೆ ಇತ್ತು. ನಾನು ಇನ್ನೂ ಒಂದು ದಿನ ಸಿಕ್ಕಿದ್ದರೆ ಎಂದು ವಾದ ಹೂಡುತ್ತಿದ್ದೆ. ಅಕ್ಕ ರೇಷ್ಮೆ ಸೀರೆ ಉಟ್ಟು ಬಂದು ನನ್ನೆದುರು ನಿಂತಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. “ನೀನೇ ಗೆದ್ದೆ ಕಣೋ. ಸೋತಿರೋಳು ನಾನು. ಈಗಾದ್ರೂ ತಾಗಿಸ್ತೀಯಾ?” ಅಂದಳು.

ಕಾಲು ತೊಳೆದುಕೊಂಡು ಬಂದೆ. ಅಪ್ಪ ಕೊರಳಿನ ಲಿಂಗದ ಕರಡಿಗೆಯನ್ನು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಮಲಗಿದರು. ನಾನು ಬಲಗಾಲನ್ನು ಎಷ್ಟು ಮೆಲ್ಲಗೆ ತಾಗಿಸಿದೆನೆಂದರೆ ಸೊಳ್ಳೆ ಕೂತಿದ್ದರೆ ಅದೂ ಏಳುತ್ತಿರಲಿಲ್ಲ. ಒಂದು. ಎರಡು. ಮೂರು. ಅಪ್ಪ ಒಂದು ನಿಟ್ಟುಸಿರು ಬಿಟ್ಟು, ಎದ್ದು, ಎರಡು ಕೈ ಮೇಲೆತ್ತಿ ಮೈಮುರಿದರು. ನೆಟ್ಟಗೆ ನಿಂತಿದ್ದರು. “ಹೋಯ್ತು ಕಣೇ!” ಎಂದು ಅವ್ವನಿಗೆ ಕೂಗಿದರು. ಆರು ಸಲ ಬೆವರು ಸುರಿಸಿ ನೀವಿದ ನನ್ನ ಕೈಗಳನ್ನು ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ನನ್ನ ಪಾದವನ್ನೇ ನೋಡುತ್ತಿದ್ದರು.

ಅಜ್ಜಂಪುರದಲ್ಲಿ ಅಪ್ಪ ಕಂಬದಂತೆ ನಿಂತು ತಾಂಬೂಲ ಕೊಟ್ಟರು. ಊಟದ ಪಂಕ್ತಿಯಲ್ಲಿ ಹಾಲಪ್ಪನವರು ನನ್ನ ಕಾಲಿನ ಮಹಿಮೆಯನ್ನು ಎಲೆಯಿಂದ ಎಲೆಗೆ ಬಡಿಸುತ್ತಾ ಹೋದರು. ನಾನು ಕೈ ತೊಳೆಯಲು ಏಳುವಷ್ಟರಲ್ಲಿ ಅಜ್ಜಿಯಿಂದ ಕರೆ ಬಂತು: “ಆ ಹುಡುಗನ್ನ ಕಳ್ಸಿ, ನನ್ನ ಸೊಂಟಕ್ಕೂ ತಾಗಿಸ್ಲಿ.” ನಾನು ಅವ್ವನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, ಸಾಕು, ಇನ್ನು ಆಗದು, ಸತ್ಯ ಹೇಳಿಬಿಡುತ್ತೇನೆ, ವಾಸಿ ಮಾಡಿದ್ದು ಕೈ, ಕಾಲಲ್ಲ ಎಂದೆ.

ಅವ್ವ ಅತ್ತಿತ್ತ ನೋಡಿ ಪಿಸುಗುಟ್ಟಿದಳು: “ಲೇ, ಸುಮ್ನೆ ಹೋಗಿ ತಾಗ್ಸು. ಕಾಲು ಮುಂದಾಗಿ ಹುಟ್ಟಿದ್ದು ನೀನಲ್ಲ, ಗಿರಿಜಾ. ನಿಮ್ಮಪ್ಪನಿಗೂ ಹೇಳಿಲ್ಲ. ಗಂಡಾದ್ರೆ ಅದು ಕಾಲ್ಗುಣ ಅಂತಾರೆ, ಹೆಣ್ಣಾದ್ರೆ ಹೋದ ಮನೆಗೆ ಆಗ್ಬರಲ್ಲ ಅಂತಾರೆ. ಹಾಲಪ್ಪ ಎದುರಿಗೇ ಕೂತಿದ್ದ, ಏನ್ ಮಾಡ್ಲಿ?” ಒಳಗೆ ಹೊರಟವಳು ತಿರುಗಿ ಸೇರಿಸಿದಳು: “ನೀನು ಬಾಯಿ ಮುಂದಾಗಿ ಹುಟ್ಟಿದೋನು.”

ಓದುಗರೇ, ನನ್ನ ಸ್ಥಿತಿ ಯೋಚಿಸಿ. ಬದುಕಿನಲ್ಲಿ ಒಬ್ಬ ವಿಚಾರವಾದಿಗೆ ಒಂದೇ ಸಲ ಸಿಗುವಂಥ ಸಾಕ್ಷ್ಯ ನನ್ನ ಬಾಯಿಗೆ ಬಂದು ಬಿದ್ದಿತ್ತು. ತಪ್ಪು ಕಾಲು ತಾಗಿಸಿಯೂ ರೋಗಿ ಗುಣವಾಗಿದ್ದ! ಕಾಲಿಗೆ ಗುಣವಿಲ್ಲ, ನೀವಿದ ಕೈಗಿದೆ, ಇನ್ನುಳಿದದ್ದು ಅಪ್ಪನ ಭಯ: ಮುಗಿಯಿತು ವಾದ. ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ಹೊಡೆಯಬೇಕಾದ ವಾದ. ಅದನ್ನು ಹೇಳಿದರೆ ಅಕ್ಕನ ಮದುವೆ ಮುರಿಯುತ್ತದೆ. ಒಳಗೆ ಹೋಗಿ ಅಜ್ಜಿಗೆ ಕಾಲು ತಾಗಿಸಿದೆ.

ಅಲ್ಲಿಂದ ಇಲ್ಲಿಯವರೆಗೆ ಕಡೂರು, ತರೀಕೆರೆ, ಸಖರಾಯಪಟ್ಟಣಗಳ ಎಷ್ಟು ಸೊಂಟಗಳು ನನ್ನ ಪಾದದಡಿ ಬಂದು ಹೋಗಿವೆಯೋ! ಮನಸ್ಸಾಕ್ಷಿಗಾಗಿ ನಾನೊಂದು ನಿಯಮ ಮಾಡಿಕೊಂಡೆ: ಮೂರು ದಿನ ಬಿಸಿಯೆಣ್ಣೆ ಹಚ್ಚಿ ಅಜ್ಜನ ಕ್ರಮದಲ್ಲೇ ನೀವಿಸಿಕೊಳ್ಳದೆ ಬಂದವರಿಗೆ ಕಾಲು ಫಲಿಸುವುದಿಲ್ಲ. ಹೀಗೆ ವಿಜ್ಞಾನವನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟೆನೆಂದು ಹಿಗ್ಗಿದೆ. ಜನ ನಿಯಮವನ್ನು ಭಕ್ತಿಯಿಂದ ಪಾಲಿಸಿ, ಗುಣವಾಗಿ, ‘ಎಂಥಾ ಕಾಲು ಕಣ್ರೀ, ಮಡಿ ಕೇಳ್ತದೆ’ ಎಂದು ಹೊಗಳಿದರು. ಇದ್ದ ಮೂಢನಂಬಿಕೆಗೆ ನಾನೊಂದು ಕಟ್ಟುಪಾಡನ್ನೂ ಜೋಡಿಸಿಕೊಟ್ಟಂತಾಯಿತು.

ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಅವಳಿಗೀಗ ಎರಡು ಮಕ್ಕಳು. ಅವಳು ಕಾಲಿಟ್ಟ ಮನೆಗೆ ಬಂದದ್ದೆಲ್ಲ ಒಳ್ಳೆಯದೇ. ಅಜ್ಜಿ ಎಂದಿನಂತೆ ಚಾಪೆಯ ಮೇಲೆ ಬೋರಲು ಮಲಗಿ ಹೇಳಿದರು: “ಪ್ರತೀ ಸಲ ನೀನು ಬರೋಗಂಟ ಕಾಯ್ಬೇಕು ಕಣಪ್ಪಾ. ನಿಮ್ಮಕ್ಕನೂ ಹಂಗೇ ಹುಟ್ಟಿದ್ದಿದ್ರೆ ಎಷ್ಟ್ ಚೆನ್ನಾಗಿತ್ತು! ಮನೇಲೇ ಇರ್ತಿತ್ತು.”

ಬಾಗಿಲಲ್ಲಿ ನಿಂತಿದ್ದ ಅಕ್ಕ ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮದುವೆಯಾದ ಮೇಲೆ ಅವ್ವ ಅವಳಿಗೂ ಗುಟ್ಟು ಹೇಳಿದ್ದಳು. ಇನ್ನು ಸತ್ಯ ಹೇಳಿದರೆ ಅವಳಿಗೇನೂ ನಷ್ಟವಿಲ್ಲ. ಹೇಳು ಎಂದು ಅವಳೇ ಕಣ್ಣಲ್ಲಿ ಸನ್ನೆ ಮಾಡಿದಳು. ನಾನು ಬಾಯಿ ತೆರೆದೆ. ಇಷ್ಟು ವರ್ಷ ನನ್ನೆದುರು ಕೈಮುಗಿದು ಬೋರಲಾದವರೆಲ್ಲ ಒಬ್ಬೊಬ್ಬರಾಗಿ ಕಣ್ಣ ಮುಂದೆ ಎದ್ದು ನಿಂತರು, ಎಲ್ಲರೂ ನೆಟ್ಟಗೆ.

“ಹೌದಜ್ಜೀ,” ಎಂದೆ, “ಆ ಪುಣ್ಯ ಎಲ್ಲರಿಗೂ ಇರಲ್ಲ.” ಬಲಗಾಲು ಎತ್ತಿದೆ.