ದೋಸೆ ಹಿಟ್ಟಿನ ಕರೆಂಟು

೧೯೮೬ರಲ್ಲಿ ಏಳನೇ ಕ್ಲಾಸಿಗೆ ಕೈಮುಗಿದು ಮುಂಬಯಿ ಬಳಿಯ ಡೊಂಬಿವಲಿಗೆ ಬಂದವನು ನಾನು. ಲೋಟ ತೊಳೆದ ಹೋಟೆಲಿಗೇ ಇಂದು ಯಜಮಾನ. ಹಿಟ್ಟು ಹುಳಿಬರಿಸುವ ಶಾಸ್ತ್ರದಲ್ಲಿ ಕಲ್ಯಾಣದಿಂದ ಠಾಣೆಯವರೆಗೆ ನನಗೆ ಸಮಾನರಿಲ್ಲ ಎಂಬುದು ನನ್ನ ವಿನಮ್ರ ಅಭಿಪ್ರಾಯ.

ನಮಗೆ ಸೊಪ್ಪು ತರುವ ಸೋನಾಬಾಯಿಯ ಊರು ಬದಲಾಪುರದಾಚೆ ಗುಡ್ಡದ ಮೇಲೆ. ಹನ್ನೊಂದು ಮನೆ, ಕರೆಂಟಿಲ್ಲ.

"ಕಸದಿಂದ ಗ್ಯಾಸು, ಗ್ಯಾಸಿನಿಂದ ಕರೆಂಟು. ನಾನು ಮಾಡಿಕೊಡ್ತೇನೆ" ಎಂದು ಘೋಷಿಸಿ, ಟಾಂಕಿ, ಪೈಪು, ಪುಟ್ಟ ಜನರೇಟರು, ಮನೆಗೊಂದು ಬಲ್ಬು ಗುಡ್ಡಕ್ಕೆ ಹೊರಿಸಿದೆ.

ಅಲ್ಲಿ ಕಸವೇ ಇರಲಿಲ್ಲ. ಉಳಿದದ್ದನ್ನು ಕೋಳಿ ತಿನ್ನುತ್ತಿತ್ತು, ಕೋಳಿ ಬಿಟ್ಟದ್ದನ್ನು ಮೇಕೆ.

"ಕಚರಾ ನಿಮ್ಮ ಶಹರದಲ್ಲಿ, ಶೇಠ್" ಎಂದಳು ಸೋನಾಬಾಯಿ.

ಸರಿ, ಹೋಟೆಲಿನ ಎಂಜಲನ್ನು ಡಬ್ಬಿಗಳಲ್ಲಿ ತುಂಬಿ ಕರ್ಜತ್ ಲೋಕಲ್ ರೈಲು ಹತ್ತಿದೆ. ನಾತಕ್ಕೆ ಜನ ದೂರ ಸರಿದು, ಆ ಗಾಡಿಯಲ್ಲಿ ಕೈಕಾಲು ಚಾಚಿ ಪ್ರಯಾಣಿಸಿದ ಏಕೈಕ ಮನುಷ್ಯ ನಾನೇ!

ಟಾಂಕಿ ಮಾರಿದವನು, ಸಗಣಿ ಕದಡಿ ಇಪ್ಪತ್ತು ದಿನ ಕಾಯಿರಿ ಎಂದಿದ್ದ. ಇಪ್ಪತ್ತು ದಿನವೇ? ನನ್ನ ಹಿಟ್ಟು ಬೆಳಗಾಗುವುದರೊಳಗೆ ಉಬ್ಬುತ್ತದೆ. ಸಗಣಿಗೆ ಎಂಜಲು ಬೆರೆಸಿ, ಎರಡು ಕೊಳಗ ಹುಳಿ ದೋಸೆ ಹಿಟ್ಟು ಸುರಿದು, ಮುಚ್ಚಳ ಬಿಗಿದು, ಹೋಟೆಲಿನ ಪದ್ಧತಿಯಂತೆ ಮೇಲೊಂದು ಕಲ್ಲು ಹೇರಿದೆ.

ಮರುದಿನ ಮಧ್ಯಾಹ್ನ ಹೋಗಿ ನೋಡಿದರೆ ಟಾಂಕಿ ಊದಿತ್ತು. ನೊರೆ ಉಕ್ಕಿ ಪೈಪು ಕಟ್ಟಿತ್ತು. ಒಳಗಿನಿಂದ ಯಾರೋ ನರಳಿದಂತೆ ಸದ್ದು. ಎಲ್ಲರನ್ನೂ ಹೊಲಕ್ಕೆ ಓಡಿಸಿದೆ. ಆದರೆ ಟಾಂಕಿಯಿಂದ ಹತ್ತು ಹೆಜ್ಜೆಯ ಗುಡಿಸಲಲ್ಲಿ ಸೋನಾಬಾಯಿಯ ಮಗಳು, ಐದು ದಿನದ ಕೂಸಿನ ಜೊತೆ.

"ಬಾಣಂತಿ ಹನ್ನೆರಡು ದಿನ ಹೊಸಿಲು ದಾಟುವಂತಿಲ್ಲ, ಶೇಠ್. ನಿನ್ನ ಟಾಂಕಿಯನ್ನೇ ದಾಟಿಸು" ಎಂದಳು ಸೋನಾಬಾಯಿ.

ಹೆಂಡತಿಗೆ ಫೋನು ಹಚ್ಚಿದೆ.

"ಜಲಜಾ, ಟಾಂಕಿ ಒಡೀತದೆ."

"ಹಿಟ್ಟು ಉಕ್ಕಿದ್ರೆ ಏನು ಮಾಡ್ತೀರಿ ಮಾರಾಯ್ರೆ? ಕಲ್ಲು ತೆಗೀರಿ, ಮುಚ್ಚಳ ಸಡಿಲ ಮಾಡಿ."

"ಯಾರು?"

"ಅಲ್ಲಿ ಹೋಟೆಲಿನವರು ಎಷ್ಟು ಜನ ಇದ್ದೀರಿ?"

ಹತ್ತು ಹೆಜ್ಜೆಗೆ ಹತ್ತು ದೇವರನ್ನು ನೆನೆದೆ. ಕಲ್ಲು ಇಳಿಸಿದೆ. ಒಂದು ಬೋಲ್ಟು ತಿರುಗಿಸಿದೆ. ಮುಂದಿನದನ್ನು ಟಾಂಕಿಯೇ ನೋಡಿಕೊಂಡಿತು. ಮುಚ್ಚಳ ಹುಣಸೆಮರಕ್ಕೆ ಹಾರಿತು. ಉಳಿದದ್ದೆಲ್ಲ ನನ್ನ ಮೇಲೆ.

ಕೂಸಿಗೆ ಎಚ್ಚರವೂ ಆಗಿರಲಿಲ್ಲ.

ಮಾರನೆಯ ದಿನ ಟಾಂಕಿಯವನು ಬಂದು, ಮುಚ್ಚಳ ಮತ್ತೆ ಹಾಕಿಸಿ, ತಳದಲ್ಲಿ ಉಳಿದದ್ದು ಮತ್ತೆ ಉಬ್ಬುವವರೆಗೆ ಕಾದು, ಪೈಪಿನ ಬಾಯಿಗೆ ಕಡ್ಡಿ ಗೀರಿ ಹಿಡಿದ. ಕಡ್ಡಿ ಆರಿತು. ಇನ್ನೊಂದು ಹಿಡಿದ. ಅದೂ ಆರಿತು.

"ಹುಳಿಗೆ ಸಗಣಿಯೊಳಗಿನ ಜೀವಾಣು ಸತ್ತಿವೆ, ಶೇಠ್. ಇದು ಹಿಟ್ಟು ಉಬ್ಬಿಸೋ ಗ್ಯಾಸು, ಉರಿಯೋ ಗ್ಯಾಸೇ ಅಲ್ಲ."

ಊರನ್ನೇ ಸುಟ್ಟೀತೆಂದು ನಾನು ನಡುಗಿದ ಗ್ಯಾಸಿಗೆ ಒಂದು ಕಡ್ಡಿ ಉರಿಸುವ ಯೋಗ್ಯತೆಯೂ ಇರಲಿಲ್ಲ.

ಈಗ ನನ್ನಲ್ಲಿರುವುದು: ಟಾಂಕಿ ಒಂದು, ಜನರೇಟರು ಒಂದು, ಬಲ್ಬು ಹನ್ನೊಂದು. ಉರಿಯುವುದು, ಸೊನ್ನೆ.