ಡಬ್ಬಿ, ಯೂರಿಯಾ ಮತ್ತ ನಮ್ಮ ಮಂದಿ ಕಾಳಜಿ

ನನ್ನ ನೌಕರಿ ಎಂಥಾದ್ದು ಅಂತ ಯಾರರೆ ಕೇಳಿದ್ರ ಹೇಳಾಕ ಅರ್ಧಾ ತಾಸು ಬೇಕು. ಹೇಳಿ ಮುಗಸೂದ್ರಾಗ ಇನ್ನೊಂದು ಫಜೀತಿ ಆಗಿರ್ತೈತಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕು ತಾಲೂಕಿನ್ಯಾಗ ನಾಲ್ಕು ಹೊಲ. ಒಂದೊಂದು ಹೊಲದಾಗ ತಳ ಇಲ್ಲದ ಒಂದೊಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ ನೆಲಕ್ಕ ಊರಿ ಇಟ್ಟೇವಿ. ವಾರಕ್ಕೊಮ್ಮೆ ಸ್ಕೂಟಿ ಮ್ಯಾಲೆ ಹೋಗೂದು, ಡಬ್ಬಿಗೆ ಮುಚ್ಚಳ ಹಾಕೂದು, ಅರ್ಧಾ ತಾಸು ಕಾಯೂದು, ಒಳಗಿನ ಗಾಳಿ ಸಿರಿಂಜಿನ್ಯಾಗ ಎಳಕೊಂಡು ಶೀಶೆದಾಗ ತುಂಬಿ ಲ್ಯಾಬಿಗೆ ಮುಟ್ಟಸೂದು.

ಹುಡುಕೂದು ನೈಟ್ರಸ್ ಆಕ್ಸೈಡ್ ಅನ್ನೂ ಗ್ಯಾಸು. ಯೂರಿಯಾ ಹಾಕಿದ ಮ್ಯಾಲೆ ಮಳಿ ಬಿತ್ತಂದ್ರ ನೆಲದಿಂದ ಭರ್ರಂತ ಏಳ್ತೈತಿ, ಚಳಿಗಾಲಕ್ಕ ಇಳೀತೈತಿ, ಬ್ಯಾಸಗ್ಯಾಗ ಸತ್ತಂಗ ಮಲಗ್ತೈತಿ. ಎದ್ದದ್ದು ಮ್ಯಾಲೆ ಹೋಗಿ, ನಮ್ಮ ಮೊಮ್ಮಕ್ಕಳ ಕಾಲದ ತನಕಾ ಅಲ್ಲೇ ಕುಂತು ಭೂಮಿ ಕಾಸ್ತೈತಿ. ಹಲ್ಲಿನ ಡಾಕ್ಟರು ಇದಕ್ಕ ನಗಿಸೋ ಗ್ಯಾಸು ಅಂತಾರಂತ. ನನಗಂತೂ ನಗಿಸಿದ್ದಕ್ಕಿಂತ ಅಳಿಸಿದ್ದ ಹೆಚ್ಚು.

ಯಾಕಂದ್ರ ನಂದು ಒಂದು ವರ್ಷದ ಗುತ್ತಿಗಿ ನೌಕರಿ. ಮೊದಲ ದಿನಾನ ನಮ್ಮ ಸಾಹೇಬ್ರು ಹೇಳಿಬಿಟ್ಟಿದ್ರು: "ನೋಡವಾ, ಬ್ಯಾಸಗ್ಯಾಗ ಗ್ಯಾಸಿನ ಲೆಕ್ಕದ ಗೆರಿ ಕೆಳಗಿರಬೇಕು, ಮಳಿಗಾಲದಾಗ ಮ್ಯಾಲೆ ಏರಬೇಕು. ಉಲ್ಟಾ ಬಂತಂದ್ರ ನೀ ಹೊಲಕ್ಕ ಹೋಗೇ ಇಲ್ಲ, ಮನ್ಯಾಗ ಕುಂತು ಶೀಶೆ ತುಂಬೀದಿ ಅಂತ ತಿಳೀತೇನಿ. ಮುಂದಿನ ವರ್ಷ ನಿನಗ ದೊಡ್ಡ ನಮಸ್ಕಾರ."

ತಂಗಡಗಿ: ಹೊಸಾ ಶೋಧ

ನಡು ಬ್ಯಾಸಗಿ. ನೆಲ ಬಿರದು ಬಾಯಿ ತಕ್ಕೊಂಡು ಕುಂತಿತ್ತು. ಅಂಥಾದ್ರಾಗ ಮುದ್ದೇಬಿಹಾಳ ತಾಲೂಕಿನ ತಂಗಡಗಿ ಡಬ್ಬಿ ಲೆಕ್ಕ ಒಮ್ಮೆಲೆ ಮ್ಯಾಲೆ ಹಾರಿತು. ಸಾಹೇಬ್ರ ಫೋನು ಬಂತು. "ಬ್ಯಾಸಗ್ಯಾಗ ಇಷ್ಟು ಏರಿದ್ದು ನಾ ಎಲ್ಲೂ ಕಂಡಿಲ್ಲ! ಒಂದೋ ಇದು ಹೊಸಾ ಶೋಧ, ಇಲ್ಲಾ ನಿನ್ನ ಕಳ್ಳಾಟ."

ಮರುದಿನ ಹೇಳದ ಕೇಳದ ಮುಂಜಾನೆ ಲಗೂನ ಹೋದೆ. ಹೊಲದ ಅಜ್ಜಿ ನನ್ನ ಡಬ್ಬಿ ಮ್ಯಾಲೆ ಬೋರಲು ಹಾಕಿದ್ದ ಬುಟ್ಟಿ ತಗ್ಯಾಕತ್ತಿದ್ಲು. ಒಳಗಿಂದ ಮೊದಲ ಒಂದು ಕೋಳಿ ಹೊರಗ ಬಂತು, ಹಿಂದ ಅದರ ಮರಿಗಳು.

"ಅಜ್ಜಿ, ಏನ ಇದು?"

"ಖಾಲೀನ ಬಿದ್ದಿತ್ತಲ್ಲವಾ. ನೀ ಬರೂ ದಿನ ಮುಂಜಾನೆ ಮ್ಯಾಲ ಮ್ಯಾಲ ಕಸಾ ತಗದು, ನೀರ ಚಿಮಕಿಸಿ ಇಡ್ತೇನಿ. ಸ್ವಚ್ಛ ಇರ್ತೈತಿಲ್ಲೊ?"

ಕೋಳಿ ಹಿಕ್ಕಿ, ಮ್ಯಾಲೆ ನೀರು. ಪಾಪ, ಆ ನೆಲ ಮಳಿಗಾಲ ಬಂತಂತ ತಿಳಕೊಂಡಿತ್ತು. ಸಾಹೇಬ್ರಿಗೆ ಫೋನ್ ಹಚ್ಚಿ ಇದ್ದದ್ದು ಇದ್ದಂಗ ಹೇಳಿದೆ. ಸಾಹೇಬ್ರು ಮೆಲ್ಲಕ ಕೇಳಿದ್ರು, "ಹಂಗಾದ್ರ ಆ ಶೋಧ... ಕೋಳಿದು?"

ಸಿಂದಗಿ: ಖರೇ ಡಾಕ್ಟರ

ಮುಂಗಾರು ಶುರು ಆಗಿತ್ತು. ಸಿಂದಗಿ ಕಡಿ ಒಂದು ಹತ್ತಿ ಹೊಲದಾಗ ಸಿರಿಂಜು ಹಿಡದು ಕುಂತಿದ್ದೆ. ಬಾಜೂ ಹೊಲದ ಹೆಣಮಗಳು ಓಡಿ ಬಂದ್ಲು.

"ಅಕ್ಕಾರ, ನೀವು ಗ್ಯಾಸ್ ತಗೀತೀರಂತಲ್ರಿ?"

"ಹೌದ್ರಿ."

"ಹಂಗಾದ್ರ ಲಗೂ ಬರ್ರಿ!" ಅಂತ ಕೈ ಹಿಡದು ಕೊಟಗಿಗೆ ಎಳಕೊಂಡು ಹೋದ್ಲು. ಹಸೀ ಮೇವು ತಿಂದು ಎಮ್ಮಿ ಹೊಟ್ಟಿ ಉಬ್ಬಿಸಿಕೊಂಡು ನಿಂತಿತ್ತು. ನಾ ದನದ ಡಾಕ್ಟರಲ್ಲ, ನೆಲದಾಗಿನ ಗ್ಯಾಸ್ ತಗಿಯಾಕಿ ಅಂದೆ. "ಅಷ್ಟು ದೊಡ್ಡ ನೆಲದಾಗಿಂದ ತಗಿಯಾಕಿಗೆ ಒಂದು ಎಮ್ಮ್ಯಾಗಿಂದ ತಗ್ಯಾಕ ಬರೂದಿಲ್ಲೇನ್ರಿ?" ಅಂತ ನನ್ನ ಮ್ಯಾಲೇ ಸಿಟ್ಟಾದ್ಲು.

ನಾನ ಫೋನ್ ಮಾಡಿ ದನದ ಡಾಕ್ಟರನ್ನ ಕರಸಿದೆ. ಎಮ್ಮಿ ಉಳೀತು. ಹೊಂಟಾಗ ಆಕಿ ನನಗ ಚಾ ಕೊಟ್ಟು ಸಮಾಧಾನ ಹೇಳಿದ್ಲು: "ಬ್ಯಾಸರಾ ಮಾಡ್ಕೋಬ್ಯಾಡ್ರಿ ಅಕ್ಕಾರ. ನೀವಿನ್ನಾ ಕಲಿಯಾಕತ್ತೀರಿ, ಅದಕ್ಕ ನಿಮ್ಮನ್ನ ಬರೇ ನೆಲದ ಮ್ಯಾಲೆ ಬಿಟ್ಟಾರ."

ಇಂಡಿ: ಜೋರ ಭೂಮಿ

ಇಂಡಿಯೊಳಗ ನಮ್ಮ ಡಬ್ಬಿ ಒಂದು ನಿಂಬಿ ತ್ವಾಟದಾಗ ಐತಿ. ತ್ವಾಟದ ಯಜಮಾನ್ರಿಗೆ ಒಂದ ಚಿಂತಿ: "ಈ ವಾರ ನಮ್ಮ ಭೂಮಿ ಎಷ್ಟು ಗ್ಯಾಸ್ ಕೊಡ್ತು?"

ಯೂರಿಯಾ ಬಿದ್ದಿತ್ತು, ಮಳೀನೂ ಆಗಿತ್ತು. "ನಾಲ್ಕೂ ತಾಲೂಕಿನ್ಯಾಗ ನಿಮ್ಮದ ಜಾಸ್ತಿರಿ" ಅಂದೆ. ಯಜಮಾನ್ರು ಮೀಸಿ ಮ್ಯಾಲೆ ಕೈ ಆಡಿಸಿದ್ರು. "ನಮ್ಮಪ್ಪನ ಕಾಲದಿಂದ್ಲೂ ಜೋರ ಭೂಮಿರಿ ಇದು." ಮುಂದಿನ ವಾರ ಹೋಗೂದ್ರಾಗ ಊರ ಚಾದಂಗಡಿ ತನಕಾ ಸುದ್ದಿ ಹಬ್ಬಿತ್ತು.

ತಡಕೊಳ್ಳಾಕ ಆಗಲಿಲ್ಲ, ಹೇಳಿಬಿಟ್ಟೆ. "ಯಜಮಾನ್ರ, ಇದು ಛಲೋ ಅಲ್ರಿ. ನೀವು ಹಾಕಿದ ಗೊಬ್ಬರ ಗಿಡಕ್ಕ ಹತ್ತದ ಆಕಾಶಕ್ಕ ಹೊಂಟೈತಿ ಅಂತ ಅರ್ಥ."

ಯಜಮಾನ್ರು ಆ ಕಡಿ ಈ ಕಡಿ ನೋಡಿ ದನಿ ಸಣ್ಣದು ಮಾಡಿದ್ರು. "ಹೌದ್ರಾ? ಹಂಗಾದ್ರ ಬಾಜೂ ತ್ವಾಟದಾಂವಂದು ಅಂತ ಬರಕೋರಿ."

ಮನಗೂಳಿ: ಕಾಕಾನ ಕಾಳಜಿ

ಇನ್ನ ಬಾಗೇವಾಡಿ ತಾಲೂಕಿನ ಮನಗೂಳಿ. ನನ್ನ ನೌಕರಿ ಹೋಗೂದು ಇಲ್ಲೇ ಅಂತ ಆಗಿತ್ತು. ಗೋವಿನಜೋಳದ ಹೊಲ, ದೇವರಂಥ ಕಾಕಾ. ಸೋಮವಾರ ನಾ ಹೋಗೂದ್ರಾಗ ನೀರಿನ ತಂಬಿಗಿ ಹಿಡದು ಬದುವಿನ ಮ್ಯಾಲೆ ನಿಂತಿರ್ತಿದ್ದ. ಆದ್ರ ಮಳಿ ಆತು, ಯೂರಿಯಾ ಬಿತ್ತು, ಉಳದ ಮೂರೂ ಡಬ್ಬಿ ಏರಿದ್ವು, ಇದೊಂದು ಮಾತ್ರ ಬ್ಯಾಸಗ್ಯಾಗ ಮಲಗಿದ್ದು ಎದ್ದೇ ಇಲ್ಲ!

ಸಾಹೇಬ್ರು ಕಣ್ಣು ಕೆಂಪ ಮಾಡಿದ್ರು. "ಕೋಳಿ ಕತಿ ಕೇಳಿದ್ದು ಸಾಕು. ನಾನ ಬರ್ತೇನಿ, ನಡಿ."

ಗುರುವಾರ, ಜಿಟಿ ಜಿಟಿ ಮಳಿ. ಜೀಪು ಇಳದು ನೋಡ್ತೇವಿ, ನಮ್ಮ ಡಬ್ಬಿ ಸುತ್ತಾ ನಾಲ್ಕು ಗೂಟ, ಮ್ಯಾಲೆ ತಾಡಪತ್ರಿ! ಕಾಕಾ ತಲಿ ಮ್ಯಾಲೆ ಗೋಣಿಚೀಲ ಹೊತ್ತು ಓಡಿ ಬಂದ. ತಾನು ಪೂರಾ ತೊಯ್ದಿದ್ದ.

"ಸರಕಾರಿ ಸಾಮಾನ್ರಿ ಸಾಹೇಬ್ರ, ತೋಯಬಾರದಲ್ರಿ. ಅಕ್ಕಾರು ಬರೂ ದಿನ ಕಿತ್ತಿಡ್ತೇನಿ."

"ಮತ್ತ ಯೂರಿಯಾ?" ಅಂದ್ರು ಸಾಹೇಬ್ರು.

"ಛೇ ಛೇ! ಡಬ್ಬಿ ಮ್ಯಾಲೆ ಚೀಲ ಹೊಚ್ಚಿ ಆಮ್ಯಾಲೇ ಉಗ್ಗೇನ್ರಿ. ಒಳಗ ಒಂದ ಕಾಳು ಬೀಳಗೊಟ್ಟಿಲ್ಲ."

ಇಡೀ ಹೊಲದಾಗ ಮಳಿ, ಯೂರಿಯಾ ಎರಡೂ ಮುಟ್ಟದ ಜಾಗಾ ಅದೊಂದ. ಇಷ್ಟು ದಿನ ನಾ ಅಳದದ್ದು ಅದನ್ನ. ಸಾಹೇಬ್ರು ಹಸೀ ಬದುವಿನ ಮ್ಯಾಲೇ ಕುಂತುಬಿಟ್ರು. "ವರ್ಷಾನ ಹಾಳಾತು. ಮತ್ತ ಮೊದಲಿಂದ ಅಳೀಬೇಕು."

ನನ್ನ ಕಣ್ಣಾಗ ನೀರು ಬಂತು. "ಯಾರು ಅಳೀಬೇಕ್ರಿ ಸರ?"

"ನೀನ ಅಳಿ, ಮತ್ತ ಯಾರು? ನೀ ಕಳ್ಳಿ ಆಗಿದ್ರ ಲೆಕ್ಕಾ ಬರೋಬ್ಬರಿ ಬರೂ ಹಂಗ ಕಳ್ಳಾಟ ಆಡ್ತಿದ್ದಿ."

ಲೆಕ್ಕಾ ಕೆಟ್ಟಿದ್ದಕ್ಕ ನೌಕರಿ ಉಳದಾಕಿ ಜಿಲ್ಲಾದಾಗ ನಾ ಒಬ್ಬಾಕೇನ ಇರಬೇಕು. ಹೊಂಟಾಗ ಕಾಕಾಗ ಕೈ ಮುಗದು ಹೇಳಿದೆ: "ಕಾಕಾ, ಹೊಲಕ್ಕ ಏನು ಹಾಕ್ತೀರಿ ಡಬ್ಬಿಗೂ ಅದನ್ನ ಹಾಕ್ರಿ. ಇಲ್ಲಾಂದ್ರ ನನ್ನ ನೌಕರಿ ಹೋಗ್ತೈತಿ." ಕಾಕಾನ ಮಾರಿ ಸಪ್ಪಗಾತು. "ಅಯ್ಯ, ಮೊದಲ ಹೇಳಬಾರದೇನ್ರಿ ಅಕ್ಕಾರ!"

ಮುಂದಿನ ವಾರ ಗಡಿಬಿಡ್ಯಾಗ ಒಳಗ ಬಗ್ಗಿ ನೋಡದ ಮುಚ್ಚಳ ಹಾಕಿ ತುಂಬಿದ ಶೀಶೆ ಲ್ಯಾಬಿಗೆ ಮುಟ್ಟಿತು. ಸಾಹೇಬ್ರ ಫೋನು. "ಮನಗೂಳಿ ಲೆಕ್ಕ ಮಶೀನಿಗೇ ಹಿಡಸವಲ್ದು. ಅಲ್ಲೂ ಕೋಳಿ ಕುಂತೈತೇನು?"

ಸ್ಕೂಟಿ ಹೊಡಕೊಂಡು ಓಡಿದೆ. ಡಬ್ಬಿ ಒಳಗ ಬಗ್ಗಿ ನೋಡಿದ್ರ, ನೆಲಾನ ಕಾಣವಲ್ದು, ಕರಗಲಾರದ ಉಳದ ಬೆಳ್ಳಗಿನ ಯೂರಿಯಾ. ಕಾಕಾ ನೀರಿನ ತಂಬಿಗಿ ಹಿಡದು ನಕ್ಕೋತ ನಿಂತಿದ್ದ.

"ಆವತ್ತ ಮುಂಜಾನಿಂದ ಗೊಬ್ಬರದಂಗಡಿ ಮುಂದ ಪಾಳಿ ಹಚ್ಚಿ ತಂದದ್ದು ಒಂದ ಚೀಲ ಅಕ್ಕಾರ. ಅರ್ಧಾ ಹೊಲಕ್ಕ, ಅರ್ಧಾ ನಿಮ್ಮ ನೌಕರಿಗೆ."